ಗುಳಿಗೆಯ ರೋಜಾ

ಗುಳಿಗೆ ಶುರುವಾದ ಮೊದಲ ವಾರ ಅಬ್ಬ ನನ್ನೊಡನೆ ಮಾತು ಬಿಟ್ಟಿದ್ದ. ಅವನ ಸಿಟ್ಟು ವಿಜಾಪುರದ ಡಾಕ್ಟರ ಮೇಲೆ. ಆದರೆ ಡಾಕ್ಟರು ವಿಜಾಪುರದಲ್ಲಿದ್ದರು, ನಾನು ಅದೇ ಮನೆಯಲ್ಲಿ ಕೈಗೆ ಸಿಗುವಂತಿದ್ದೆ. ಬೆಳಿಗ್ಗೆ ಎಂಟಕ್ಕೆ ಗುಳಿಗೆ ನುಂಗಿದರೆ ಒಂಬತ್ತರ ಹೊತ್ತಿಗೆ ಅವನ ತಲೆ ಹಿಡಿದುಕೊಳ್ಳುತ್ತಿತ್ತು. ಹಳೆಯ ಲುಂಗಿಯ ಪಟ್ಟಿಯೊಂದನ್ನು ಹಣೆಗೆ ಬಿಗಿದುಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಬಾಗಿಲಿಗೆ ಯಾರು ಬಂದರೂ ಕಣ್ಣು ತೆರೆಯುತ್ತಿರಲಿಲ್ಲ.

ಒಂದು ದಿನ ಕಣ್ಣು ಮುಚ್ಚಿಕೊಂಡೇ ಅಂದ, "ತಲ್ಯಾಗ ಯಾರೋ ಕಮಾನ ಹೊಡೀಲಾಕತ್ತಾರ ನೋಡವಾ. ಎದಿ ನೋವು ತಗೊಂಡು ತಲಿ ನೋವು ಕೊಟ್ಟಾನ ನಿನ್ನ ಡಾಕ್ಟರ. ಇದೇನು ಔಷಧಾನೋ, ಅದಲಾ ಬದಲಿನೋ?"

ಮಾತು ಬಿಟ್ಟವನು ಮಾತಾಡಿದನಲ್ಲ ಎಂದು ನನಗೆ ಅಷ್ಟರಲ್ಲೇ ಸಮಾಧಾನ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದುಕೊಡುವುದು ನಮ್ಮ ಮನೆತನದ ಕಸುಬು. ಕಮಾನು ಅಂದರೆ ಆಳುದ್ದದ ಬಿಲ್ಲು. ಅದರ ಹುರಿಯನ್ನು ಹತ್ತಿಯ ಗುಡ್ಡೆಯೊಳಗೆ ಇಳಿಸಿ ಕಟ್ಟಿಗೆಯ ಹಿಡಿಯಿಂದ ಹೊಡೆಯುತ್ತ ಹೋದರೆ, ವರ್ಷಗಟ್ಟಲೆ ಮಲಗಿದವರ ಭಾರಕ್ಕೆ ಗಟ್ಟಿಯಾದ ಹತ್ತಿ ಮತ್ತೆ ಅರಳುತ್ತದೆ. ನಾನು ಚಿಕ್ಕವಳಿದ್ದಾಗ ಅಬ್ಬ ಕಮಾನನ್ನು ಹೆಗಲಿಗೇರಿಸಿಕೊಂಡು ಬಾಲಗಾಂವದಿಂದ ಹೊರಟರೆ ತಿಕೋಂಡಿ, ಸನಮಡಿ ಎಂದು ಊರೂರು ಸುತ್ತಿ, ಜನರ ಅಂಗಳದಲ್ಲೇ ಕೂತು ಹಿಂಜಿ ಬರುತ್ತಿದ್ದ. ತೊಂಬತ್ತರ ದಶಕದಲ್ಲಿ ಜತ್ತಿನ ಪೇಟೆಗೆ ಹಿಂಜುವ ಮಶಿನು ಬಂತು. ಗಿರಾಕಿಗಳು ಅರ್ಧಕ್ಕರ್ಧ ಆ ಕಡೆ ಹೋದರು. ಆದರೂ ಮಶಿನು ಹತ್ತಿಯ ಎಳೆಯನ್ನೇ ತುಂಡು ಮಾಡುತ್ತದೆ ಎನ್ನುವ ಹಳೆಯ ಮಂದಿ ಅಬ್ಬನನ್ನು ಬಿಡಲಿಲ್ಲ, ಅಬ್ಬನೂ ಕಮಾನನ್ನು ಬಿಡಲಿಲ್ಲ.

ಎದೆ ಮೊದಲ ಸಲ ಹಿಡಿದದ್ದು ಸನಮಡಿಯ ಒಬ್ಬರ ಅಂಗಳದಲ್ಲಿ, ಕಮಾನು ಹೊಡೆಯುವಾಗಲೇ. ಹೊಟ್ಟೆಯ ವಾಯು ಎಂದು ಓಮಿನಕಾಳು ಅಗಿದು, ಸೋಡಾ ಕುಡಿದು ಮನೆಗೆ ಬಂದ. ಎರಡನೇ ಸಲ ಮನೆಯಲ್ಲೇ ಹಿಡಿಯಿತು. ಆಗ ಮಾತ್ರ ನಾನು ಅವನ ಮಾತು ಕೇಳಲಿಲ್ಲ, ವಿಜಾಪುರದ ಬಸ್ಸು ಹತ್ತಿಸಿದೆ.

ಡಾಕ್ಟರು ನಮ್ಮ ಕಡೆಯವರೇ, ತಿಳಿಸಿ ಹೇಳುವ ತಾಳ್ಮೆಯಿದ್ದವರು. ಎದೆಯ ರಕ್ತನಾಳ ಇಕ್ಕಟ್ಟಾಗಿದೆ, ಗುಳಿಗೆ ನಾಳಗಳನ್ನು ಸಡಿಲ ಮಾಡುತ್ತದೆ, ಸಡಿಲಾದಾಗ ಹೃದಯದ ಮೇಲಿನ ಭಾರ ಇಳಿಯುತ್ತದೆ, ತಲೆಯ ನಾಳಗಳೂ ಜೊತೆಗೇ ಸಡಿಲಾಗುವುದರಿಂದ ಮೊದಮೊದಲು ತಲೆ ನೋಯುತ್ತದೆ ಎಂದರು. ಅಬ್ಬ ಎಲ್ಲ ಕೇಳಿ, "ಗಟ್ಟ್ಯಾದ ಗಾದಿ ಹಿಂಜಿದಂಗ ಅನ್ರಿ" ಎಂದ. ಡಾಕ್ಟರು ನಕ್ಕು, ಹೌದು, ಆದರೆ ನೀವಿನ್ನು ಕಮಾನು ಮುಟ್ಟಬೇಡಿ ಅಂದರು. ಅಬ್ಬನ ಮುಖ ಸಪ್ಪಗಾಯಿತು.

ಎರಡು ಬಗೆಯ ಗುಳಿಗೆ ಕೊಟ್ಟರು. ಒಂದು ನೋವು ಬರದಂತೆ ದಿನಾ ನುಂಗುವುದು, ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು. ಇನ್ನೊಂದು ನೋವು ಬಂದೇಬಿಟ್ಟರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು. ಅದನ್ನು ಸಣ್ಣ ಸೀಸೆಯಲ್ಲಿ ಹಾಕಿ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಎದ್ದು ಹೊರಡುವಾಗ ಡಾಕ್ಟರು, "ಮೂರರ ಗುಳಿಗಿ ಸಂಜಿಗೆ ಸರಿಸಬ್ಯಾಡ್ರಿ. ರಾತ್ರಿ ಏನೂ ಬ್ಯಾಡ" ಎಂದಿದ್ದರು. ಯಾಕೆ ಎಂದು ನಾವು ಕೇಳಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಔಷಧ ಒಂದು ಹೊತ್ತು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಬಂದೆವು.

ಅಮ್ಮ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ನಾನು ಗಂಡನ ಮನೆಯಲ್ಲಿ ಬಾಳುವೆಯಾಗದೆ ತವರಿಗೆ ಬಂದು, ತಿಕೋಂಡಿಯ ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಬೆಳಗಿನ ಗುಳಿಗೆ ನನ್ನ ಕಣ್ಣೆದುರೇ ಆಗುತ್ತಿತ್ತು. ಮೂರರ ಗುಳಿಗೆಯದೇ ತಾಪತ್ರಯ, ಆಗ ನಾನು ಸಾಲೆಯಲ್ಲಿ. ಅದಕ್ಕೆ ಪಕ್ಕದ ಕಿರಾಣಿ ಅಂಗಡಿಯ ಕಾಕಾನನ್ನು ನೇಮಿಸಿದೆ. ಕಾಕಾ ಅಬ್ಬನ ಬಾಲ್ಯದ ಗೆಳೆಯ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ತಂಬಾಕು. ಅಂಗಡಿಯ ಗಡಿಯಾರದಲ್ಲಿ ಮೂರಾದರೆ ಗಲ್ಲೆಯ ಮೇಲಿಂದಲೇ ಕೂಗುತ್ತಿದ್ದ, "ದೋಸ್ತಾ, ಮೂರಾತೋ! ನುಂಗೋ!" ಇಡೀ ಓಣಿಗೆ ಅದು ಗೊತ್ತಾಗಿ, ಹೆಂಗಸರು ಅವನ ಕೂಗು ಕೇಳಿ ಚಹಕ್ಕೆ ಎಸರಿಡತೊಡಗಿದರು.

ಮಾತ್ರೆ ಕೊಡುವುದೇನು ದೊಡ್ಡ ಕೆಲಸ ಎನ್ನುವವರು ಒಂದು ವರ್ಷ ಕೊಟ್ಟು ನೋಡಬೇಕು. ಕೊಡುವುದಕ್ಕಿಂತ ನುಂಗಿದನೋ ಇಲ್ಲವೋ ಎಂದು ಕಾಯುವುದು, ಎದ್ದಾಗ ತಲೆ ತಿರುಗಿ ಬಿದ್ದಾನೆಂದು ನೋಡುವುದು, ತಲೆನೋವಿನ ಬೈಗುಳಕ್ಕೆ ಬಾಯಿ ಮುಚ್ಚಿಕೊಂಡಿರುವುದು ಭಾರ. ಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗಲೂ ನನ್ನ ಒಂದು ಕಿವಿ ಬಾಲಗಾಂವದ ಕಡೆಗೇ. ದಣಿವು ಅಂದರೆ ಕಾಲು ನೋವೇ ಆಗಬೇಕೆಂದಿಲ್ಲ ಎಂದು ನಾನು ಕಲಿತದ್ದು ಆ ವರ್ಷ.

ಮಳೆಗಾಲ ಕಳೆಯುವಷ್ಟರಲ್ಲಿ ನೋವು ಅಪರೂಪವಾಯಿತು. ಅಬ್ಬ ಕಮಾನನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಜತ್ತಿನ ಮಶಿನಿನಲ್ಲಿ ಹಿಂಜಿದ ಹತ್ತಿ ತರಿಸಿ, ದಬ್ಬಣ ಹಿಡಿದು ಗಾದಿ ಹೊಲಿಯುತ್ತ ಕೂತ. ತಲೆನೋವು ಪೂರ್ತಿ ಹೋಗಲಿಲ್ಲ, ಆದರೆ ಬೈಗುಳ ಕಡಿಮೆಯಾಯಿತು. ಆ ಹೊತ್ತಿಗೆ ರಂಜಾನ್ ಬಂತು. ಚಳಿಗಾಲದ ರಂಜಾನ್.

ಅಬ್ಬ ಹುಡುಗನಾಗಿದ್ದಾಗಿನಿಂದ ಒಂದು ರೋಜಾ ಬಿಟ್ಟವನಲ್ಲ. ಬಿಸಿಲಿನ ರಂಜಾನಿನಲ್ಲೂ, ಬಾಯಲ್ಲಿ ಹತ್ತಿಯ ಧೂಳು ತುಂಬಿದಾಗಲೂ ಒಂದು ಗುಟುಕು ನೀರು ಮುಟ್ಟದೆ ಕಮಾನು ಹೊಡೆದವನು. ಅವನಿಗೆ ಓದು ಬರೆಹವಿಲ್ಲ, ಹಜ್ಜಿಗೆ ಹೋಗುವ ಯೋಗವಿಲ್ಲ. ದೇವರ ಮುಂದೆ ತಲೆಯೆತ್ತಿ ತೋರಿಸಲು ಅವನ ಹತ್ತಿರ ಇದ್ದದ್ದು ಆ ರೋಜಾಗಳಷ್ಟೇ. ಅದು ನನಗೆ ಗೊತ್ತಿತ್ತು. ಆದ್ದರಿಂದ ವಿಜಾಪುರಕ್ಕೆ ಹೋಗಿ ಕೇಳಿಬರೋಣ ಎಂದಾಗ ಅವನು ಬೇಡ ಅಂದದ್ದೂ ಅರ್ಥವಾಯಿತು. ಕೇಳಿದರೆ ಬೇಡ ಅನ್ನುತ್ತಾರೆ, ಕೇಳದಿದ್ದರೆ ಯಾರೂ ಬೇಡ ಅಂದಂತಾಗುವುದಿಲ್ಲ. ಬಡವರ ಕಾನೂನು ಹೀಗೇ ಇರುತ್ತದೆ.

"ಗುಳಿಗಿ ಬಿಡೂದಿಲ್ಲ" ಎಂದ. "ಎಂಟರದು ಸಹರಿಗೆ ನುಂಗತೀನಿ, ಮೂರರದು ಇಫ್ತಾರಿಗೆ. ಎರಡು ಅಂದ್ರ ಎರಡೂ ಆದೂವಲ್ಲ. ಇನ್ನೇನ ಬೇಕು ನಿನಗ?"

ಸಹರಿ ಅಂದರೆ ನಸುಕಿನಲ್ಲಿ, ಬೆಳಗಾಗುವ ಮುಂಚಿನ ಊಟ. ಇಫ್ತಾರ ಅಂದರೆ ಹೊತ್ತು ಮುಳುಗಿದ ಮೇಲಿನದು. ಎರಡರ ನಡುವೆ ಸರಿಯಾಗಿ ಅರ್ಧ ದಿನ. ಲೆಕ್ಕ ಚೊಕ್ಕವಾಗಿತ್ತು. ಊರಲ್ಲಿ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಎಲ್ಲ ರಂಜಾನಿನಲ್ಲಿ ಮಾಡುವುದು ಇದನ್ನೇ. ಯಾರಿಗೂ ಇದರಲ್ಲಿ ಕೊರತೆ ಕಾಣಲಿಲ್ಲ. ಕಾಕಾ ಮಾತ್ರ ಮೂರಕ್ಕೆ ಕೂಗುವ ಕೆಲಸ ಹೋಯಿತೆಂದು ಬೇಜಾರಾದ. ರಂಜಾನಿನಲ್ಲಿ ಅವನು ಅಬ್ಬನ ಎದುರು ತಂಬಾಕು ಹಾಕುತ್ತಿರಲಿಲ್ಲ. ಬಾಯಿ ಖಾಲಿಯಾದಾಗ ಚೇಷ್ಟೆ ಜಾಸ್ತಿ.

"ನಮ್ಮ ಶ್ರಾವಣ ಸೋಮಾರ ನೋಡೋ ದೋಸ್ತಾ, ಸಾಬೂದಾಣಿ ಖಿಚಡಿ ನಡೀತದ, ಶೇಂಗಾ ನಡೀತದ, ಬಾಳಿಹಣ್ಣ ನಡೀತದ, ಚಹಾ ಅಂತೂ ಲೆಕ್ಕಕ್ಕ ಇಲ್ಲ. ಉಪವಾಸ ಇದ್ದಾಗ್ಲೆ ನಾ ಹೆಚ್ಚಿಗಿ ತಿಂತೀನಿ. ನಿಮ್ಮಾಂವ ಭಾಳ ಕಡಕ ಬಿಡಪಾ" ಎನ್ನುತ್ತಿದ್ದ.

"ನಿನ್ನ ಉಪವಾಸಾ ನೋಡಿ ನಿಮ್ಮ ಶಿವಾನೂ ಹಣಿ ಹಣಿ ಬಡಕೊಂತಿರಬೇಕು" ಎಂದು ಅಬ್ಬ ತಿರುಗಿ ಹೇಳುತ್ತಿದ್ದ.

ಎರಡನೇ ವಾರದ ಹೊತ್ತಿಗೆ ಒಂದು ಅದ್ಭುತವಾಯಿತು. ಅಬ್ಬನ ತಲೆನೋವು ಪೂರ್ತಿ ಹೋಯಿತು. ಅಷ್ಟು ತಿಂಗಳು ಹಣೆಗೆ ಬಿಗಿದುಕೊಂಡಿದ್ದ ಲುಂಗಿಯ ಪಟ್ಟಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನ ಒಲಿ ಒರಸಾಕ ಇಟಕೋ" ಎಂದ. ಮುಖದಲ್ಲಿ ಗೆದ್ದವನ ಕಳೆಯಿತ್ತು. "ನೋಡಿದೇನು? ಡಾಕ್ಟರಗ ಆಗದ್ದು ರೋಜಾ ಮಾಡಿ ತೋರಿಸ್ತು. ಬರಕತ್ ಅಂದ್ರ ಇದು." ಮಸೀದಿಯಲ್ಲಿ ರಾತ್ರಿಯ ತರಾವೀಹ ನಮಾಜು ಮುಗಿಸಿ ಬಂದವರಿಗೆಲ್ಲ ಈ ಸುದ್ದಿ ಹೇಳಿದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬೈಗುಳವಿಲ್ಲದ ಮುಂಜಾನೆ ಹೇಗಿರುತ್ತದೆ ಎಂದು ಮರೆತೇಹೋಗಿತ್ತು.

ತಲೆನೋವು ಹೋದದ್ದೇ ತಡ, ಅವನಿಗೆ ತಾನು ಗುಣವಾದೆ ಅನ್ನಿಸಿತು. ಗುಣವಾದವನ ಕಣ್ಣು ಮೊದಲು ಹೋದದ್ದು ಗೋಡೆಯ ಗೂಟಕ್ಕೆ. ಈದ್ ಹಬ್ಬದ ಮರುವಾರ ಓಣಿಯ ಮನೆಯೊಂದರಲ್ಲಿ ಮದುವೆಯಿತ್ತು. ಮದುಮಗಳಿಗೆ ಕೊಡುವ ಗಾದಿಯ ಹತ್ತಿಯನ್ನು ಅಬ್ಬನ ಕಮಾನಿನಿಂದಲೇ ಹಿಂಜಿಸಬೇಕು ಎಂದು ಆ ಮನೆಯ ಅಜ್ಜಿ ಹಟ ಹಿಡಿದಿದ್ದಳು. ಅವಳ ಗಾದಿಯನ್ನೂ, ಅವಳ ಮಗಳ ಗಾದಿಯನ್ನೂ ಹಿಂಜಿದವನು ಇವನೇ. ಅಬ್ಬ ನನಗೆ ಹೇಳಲಿಲ್ಲ. ನಾನು ಸಾಲೆಗೆ ಹೋದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಹಿಂಜತೊಡಗಿದ. ಎದೆ ಒಂದೆರಡು ಸಲ ಹಿಡಿದಿತ್ತಂತೆ. ಕೂತು, ಬಿಟ್ಟ ಮೇಲೆ ಮತ್ತೆ ಹೊಡೆದಿದ್ದಾನೆ. ಅದನ್ನೂ ಹೇಳಲಿಲ್ಲ. ಅವನ ಅಂಗಿಯ ತುಂಬ ಹತ್ತಿಯ ಎಳೆ ಕಂಡು ಕೇಳಿದರೆ, ದಿಂಬು ತುಂಬಿದೆ ಎಂದ.

ರಂಜಾನಿನ ಕೊನೆಯ ಶುಕ್ರವಾರ ಹತ್ತಿರವಿತ್ತು. ನಾನು ಬಸ್ಸಿಳಿದು ಮನೆಯ ಕಡೆ ಬರುವಾಗ ಕಾಕಾ ಅಂಗಡಿ ಬಿಟ್ಟು ಎದುರಿಗೇ ಓಡಿಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಲಗೂನ ಬಾರವಾ. ನಿಮ್ಮಪ್ಪ ನನ್ನ ಮಾತು ಕೇಳವಲ್ಲ."

ಅಬ್ಬ ಪಡಸಾಲೆಯಲ್ಲಿ ಹತ್ತಿಯ ಗುಡ್ಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕಮಾನು ಬಿದ್ದಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಚಳಿಯಲ್ಲೂ ಬೆವರು ಗಡ್ಡದಿಂದ ಇಳಿದು, ಗಡ್ಡಕ್ಕೆ ಹತ್ತಿ ಮೆತ್ತಿಕೊಂಡಿತ್ತು. ಎಡಗೈ ಎದೆಯ ಮೇಲಿತ್ತು. ಬಲಗೈಯಿಂದ ಅಂಗಿಯ ಜೇಬನ್ನು ಗಟ್ಟಿಯಾಗಿ ಮುಚ್ಚಿಹಿಡಿದಿದ್ದ, ಯಾರಾದರೂ ಒಳಗಿನ ಸೀಸೆ ಕಿತ್ತುಕೊಂಡಾರೆಂದು.

"ಅಬ್ಬಾ, ನಾಲಿಗಿ ಕೆಳಗ ಇಡು ಮೊದಲ."

"ಮಗ್ರಿಬ್ ಆಗಲಿ."

ಹೊರಗೆ ಬೇವಿನ ಗಿಡದ ಮೇಲೆ ಬಿಸಿಲು ಇನ್ನೂ ಹಳದಿಯಾಗೇ ಇತ್ತು. ಹೊತ್ತು ಮುಳುಗಲು ಇನ್ನೂ ತಾಸು ಮೇಲಿತ್ತು. ಕಾಕಾ ಅಳುವ ದನಿಯಲ್ಲಿ, "ಅದು ನುಂಗೂದಲ್ಲೋ ದೋಸ್ತಾ, ಬರೇ ನಾಲಿಗಿ ಕೆಳಗ ಇಡೂದು. ಹೊಟ್ಟಿಗಿ ಹೋಗೂದಿಲ್ಲ" ಎಂದ.

"ಬಾಯಾಗ ಹೋತಂದ್ರ ಹೋತು" ಎಂದ ಅಬ್ಬ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. "ಇಷ್ಟ ವರ್ಷ ಹಿಡದದ್ದು. ಈಗ ತಾಸಿನ ಸಲುವಾಗಿ ಬಿಡ್ಲೇನು?"

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಅಮ್ಮ ಸತ್ತ ದಿನದಿಂದ, ಗಂಡನ ಮನೆಯಿಂದ ಟ್ರಂಕು ಹೊತ್ತು ಬಂದ ದಿನದಿಂದ ನುಂಗಿಕೊಂಡು ಬಂದದ್ದೆಲ್ಲ ಒಂದೇ ಸಲ ಮೇಲೆ ಬಂತು. ಇವನಿಗೆ ದೇವರ ಮುಂದೆ ಮರ್ಯಾದೆ ಬೇಕು. ನನಗೆ? ನನಗೆ ಈ ಮನೆಯಲ್ಲಿ ಇವನೊಬ್ಬನನ್ನು ಬಿಟ್ಟರೆ ಯಾರಿದ್ದಾರೆ? ನಾನು ನೀರಿನ ಕೊಡದ ಹತ್ತಿರ ಹೋದೆ. ತಂಬಿಗೆಯಲ್ಲಿ ನೀರು ಮೊಗೆದುಕೊಂಡು ಬಂದು ಅವನೆದುರಿಗೇ ನಿಂತು ಗಟಗಟ ಕುಡಿದೆ. ತಣ್ಣನೆಯ ನೀರು ಗಂಟಲಲ್ಲಿ ಇಳಿಯುವುದು ಅವನಿಗೂ ಕೇಳಿಸಿರಬೇಕು.

"ನಂದು ರೋಜಾ ಹೋತು ನೋಡು" ಅಂದೆ. "ಇನ್ನ ನೀ ಒಬ್ಬನ ಹಿಡಕೊಂಡು ಯಾವ ಜನ್ನತಿಗೆ ಹೋಗಾಂವ ಹೋಗು."

ಕಾಕಾ ಬಾಯಿ ಮೇಲೆ ಕೈಯಿಟ್ಟುಕೊಂಡ. ಅಬ್ಬನಿಗೆ ಸಿಟ್ಟು ಬಂದರೆ ಕನ್ನಡ ಬರುತ್ತದೆ, ಅಂಜಿಕೆಯಾದರೆ ದಖನಿ ಉರ್ದು. "ಕ್ಯಾ ಕರೀ ಬೇಟೀ?" ಎಂದ. ಏನು ಮಾಡಿದೆ ಮಗಳೇ ಎಂದು ಮತ್ತೆ ಮತ್ತೆ ಅದನ್ನೇ ಅಂದ. ಕಣ್ಣಲ್ಲಿ ನೀರು ಬಂತು. ಜೇಬಿನ ಮೇಲಿನ ಕೈ ಸಡಿಲಾಯಿತು. ನಾನು ಸೀಸೆ ತೆಗೆದು, ಗುಳಿಗೆಯನ್ನು ಅವನ ನಾಲಿಗೆಯ ಕೆಳಗಿಟ್ಟೆ. ಅವನು ಸಣ್ಣ ಮಗುವಿನಂತೆ ಬಾಯಿ ಮುಚ್ಚಿದ. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು, ಆದರೆ ನೋವು ಪೂರ್ತಿ ಬಿಡಲಿಲ್ಲ. ಕಾಕಾ ಅಷ್ಟರಲ್ಲಿ ಯಾರದೋ ಜೀಪು ತರಿಸಿದ್ದ. ಹಿಂದಿನ ಸೀಟಿನಲ್ಲಿ ಅಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಿಜಾಪುರದವರೆಗೂ ಅವನ ಗಡ್ಡದ ಹತ್ತಿ ಬಿಡಿಸುತ್ತ ಕೂತಿದ್ದೆ. ಅಷ್ಟೇ ನನ್ನಿಂದ ಆದದ್ದು.

ದವಾಖಾನೆಯಲ್ಲಿ ಇಟ್ಟುಕೊಂಡರು. ಎದೆಯ ಇ.ಸಿ.ಜಿ. ಪಟ್ಟಿ ತೆಗೆದರು, ಸೂಜಿ ಚುಚ್ಚಿದರು, ನೋವು ನಿಂತಿತು. ದೊಡ್ಡ ಪೆಟ್ಟಾಗಿಲ್ಲ, ಆಗುವುದಿತ್ತು ಎಂದರು ಡಾಕ್ಟರು. ಮರುದಿನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಗುಳಿಗೆ ಬಿಟ್ಟಿದ್ದರೋ ಎಂದು ಕೇಳಿದರು.

"ಒಂದ ಹೊತ್ತೂ ಬಿಟ್ಟಿಲ್ಲರಿ" ಎಂದ ಅಬ್ಬ, ಜಂಬದಿಂದಲೇ. "ಸಹರಿಗೊಂದು, ಇಫ್ತಾರಿಗೊಂದು."

ಡಾಕ್ಟರು ಬೆರಳು ಮಡಚಿ ಎಣಿಸಿದರು. "ಅಂದ್ರ ಹಗಲಿಗೊಂದು, ರಾತ್ರಿಗೊಂದು ಆತಲ್ರಿ. ಈ ಔಷಧದ ಗುಣಾನ ಹಂಗದ. ಮೈಯಾಗ ಹಗಲೂ ರಾತ್ರಿ ಇದ್ದರ ನಾಳಗೋಳಿಗೆ ರೂಢಿ ಆಗಿಬಿಡ್ತದ. ಇದು ಸಡಲ ಮಾಡಂತ ಹೇಳಿದ್ರೂ ಅವು ಕೇಳೂದಿಲ್ಲ. ದಿನಾ ಒಂದಷ್ಟು ತಾಸು ಮೈಯಾಗ ಇದು ಇಲ್ಲದಂಗ ಬಿಡಬೇಕು. ಆಗ ಮರುದಿನ ಮತ್ತ ಕೆಲಸ ಮಾಡ್ತದ. ಅದಕ್ಕ ರಾತ್ರಿ ಬ್ಯಾಡ ಅಂದಿದ್ದೆ."

"ತಲಿನೋವು ಹೋಗಿತ್ತಲ್ರಿ?" ಎಂದೆ ನಾನು.

"ಭಾಳ ಮಂದಿಗಿ ತಾನ ಹೋಗ್ತದ, ಅದೇನೂ ಕೆಟ್ಟದ್ದಲ್ಲ. ಇವರದು ಮಾತ್ರ ಔಷಧದ ಕಸುವಿನ ಜೋಡೀನ ಹೋಗಿರಬೇಕು."

ನಾವು ಊರೆಲ್ಲ ಹೇಳಿಕೊಂಡು ಬಂದ ಬರಕತ್ ಅದಾಗಿತ್ತು. ಅಬ್ಬ ಮಲಗಿದಲ್ಲೇ ಡಾಕ್ಟರ ಕಡೆ ಹೊರಳಿದ. ಆಮೇಲೆ ನಿಧಾನಕ್ಕೆ ಕೇಳಿದ, "ಹಂಗಾರ ಅದಕ್ಕೂ ದಿನಾ ರೋಜಾ ಬೇಕನ್ರಿ?"

ಡಾಕ್ಟರಿಗೆ ನಗು ಬಂತು. "ಹೌದ್ರಿ. ನೀವು ರೋಜಾ ಹಿಡದು ಅದರ ರೋಜಾ ಮುರದ್ರಿ."

ಗುಳಿಗೆ ಬದಲಿಸಿದರು. ಹೊಸದು ದಿನಕ್ಕೊಂದೇ, ಬೆಳಿಗ್ಗೆ ನುಂಗಿದರೆ ಹಗಲೆಲ್ಲ ಸ್ವಲ್ಪ ಸ್ವಲ್ಪವೇ ಬಿಡುತ್ತ ಇರುತ್ತದೆ, ರಾತ್ರಿಯ ಹೊತ್ತಿಗೆ ತೀರುತ್ತದೆ. ಅಗಿಯಬಾರದು, ಪುಡಿ ಮಾಡಬಾರದು. ಕಮಾನಿನ ಕೆಲಸ ಸಾಯುವವರೆಗೂ ಇಲ್ಲ. ರೋಜಾ ಸದ್ಯಕ್ಕಂತೂ ಇಲ್ಲ. ಮೊದಲೇ ಬಂದು ಕೇಳಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹೊರಗೆ ಕಟ್ಟೆಯ ಹತ್ತಿರ ನಾನೊಬ್ಬಳೇ ಕೇಳಿದೆ. "ಏನರ ದಾರಿ ನೋಡ್ತಿದ್ವಿ, ಕೇಳಬೇಕಿತ್ತು" ಎಂದು ಡಾಕ್ಟರು ಮುಂದಿನ ಕೋಣೆಗೆ ಹೋದರು. ನನಗೆ ಅಲ್ಲೇ ಕಟ್ಟೆಯ ಮೇಲೆ ಮಲಗಿಬಿಡಬೇಕು ಅನ್ನಿಸಿತು.

ಈದ್ ಕಳೆದು, ಓಡಾಡುವಷ್ಟು ತ್ರಾಣ ಬಂದ ಮೇಲೆ ಅಬ್ಬ ಒಂದು ದಿನ ಮಸೀದಿಯ ಹಜರತರ ಹತ್ತಿರ ಹೋದ. ವಾಪಸು ಬಂದವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದೆ.

"ನನ್ನ ರೋಜಾದ ಚಿಂತಿಲ್ಲಂತ. ಬೀಮಾರಿ ಇತ್ತು, ಗುಣಾದಾಗ ಒಂದಕ್ಕ ಒಂದು ಹಿಡದ್ರ ಮುಗೀತು. ಗುಣಾ ಆಗಲಿಲ್ಲಂದ್ರ ಬಡವರಿಗಿ ಉಣ್ಣಾಕ ಹಾಕೂದು."

"ಮತ್ತ ಹಂಗ್ಯಾಕ ಕುಂತಿ?"

"ನಿನಗ ಬೀಮಾರಿ ಇರಲಿಲ್ಲಲ್ಲವಾ. ತಿಳದು ತಿಳದು ನೀರು ಕುಡದಿ. ಎರಡು ತಿಂಗಳು, ಬಿಡದಂಗ ಹಿಡೀಬೇಕಂತ."

ಹಜರತರ ಮೇಲೆ ಹರಿಹಾಯ್ದು ಬಂದಿದ್ದನಂತೆ. ತಂದೆಯ ಜೀವ ಉಳಿಸಲು ಕುಡಿದಳು, ಅದಕ್ಕೂ ದಂಡವೇ ಎಂದು ಕೇಳಿದನಂತೆ. ಹಜರತರು ವಯಸ್ಸಾದವರು, ಮೆದು ಮಾತಿನವರು. ಬೇರೆ ತಿಳಿದವರನ್ನೂ ಕೇಳಿ ನೋಡು ಎಂದರಂತೆ. ಅಬ್ಬ ಅಷ್ಟಕ್ಕೇ ಬಿಡದೆ ಮತ್ತೆ ಮತ್ತೆ ಕೆದಕಿದಾಗ, "ಆಕಿ ನೀರು ಕುಡದದ್ದು ನಿನ್ನ ಜೀವದ ಸಲುವಾಗಿ ಅಲ್ಲ, ನಿನ್ನ ಹಟದ ಸಲುವಾಗಿ. ನೀ ಬಾಯಿ ತಗದಿದ್ರ ಆಕಿ ಯಾಕ ಕುಡೀತಿದ್ದಳು?" ಎಂದರಂತೆ. ಇದನ್ನು ಹೇಳುವಾಗ ಅಬ್ಬ ನನ್ನ ಮುಖ ನೋಡಲಿಲ್ಲ.

ಬೇರೆಯವರನ್ನು ಕೇಳುವುದು ಬೇಡ ಎಂದೆ. ಕೇಳಿದ್ದರೆ ಯಾರಾದರೂ ಸಡಿಲ ಬಿಡುತ್ತಿದ್ದರೇನೋ. ಬಡವರಿಗೆ ಉಣಿಸಿದರೂ ನಡೆಯುತ್ತದಂತೆ, ಆದರೆ ಅದು ಮೈಯಲ್ಲಿ ಶಕ್ತಿಯಿಲ್ಲದವರಿಗೆ. ನನಗೆ ಶಕ್ತಿಯಿತ್ತು, ಅದೇ ನನ್ನ ಹಣೆಬರಹ. ಆ ತಂಬಿಗೆ ನೀರಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಪಡಲಾರದ್ದಕ್ಕೇ ತೀರಿಸಿಬಿಡಬೇಕು ಅನ್ನಿಸಿತು.

ಬಕ್ರೀದ್ ಮುಗಿದ ಮೇಲೆ ಶುರು ಮಾಡಿದೆ. ಹಬ್ಬದ ದಿನ ರೋಜಾ ಹಿಡಿಯುವಂತಿಲ್ಲ, ಅದು ನಡುವೆ ಬಂದರೆ ಎಣಿಕೆ ಮುರಿಯುತ್ತದೆ ಎಂದು ಕಾಯಬೇಕಾಯಿತು. ಕಾದದ್ದರಿಂದ ಸಿಕ್ಕಿದ್ದು ಬೇಸಿಗೆ. ನಮ್ಮ ಕಡೆಯ ಬೇಸಿಗೆಯಲ್ಲಿ ರೋಜಾ ಇಲ್ಲದವರೇ ಮಧ್ಯಾಹ್ನ ನಾಲಿಗೆ ಹೊರಗೆ ಹಾಕಿರುತ್ತಾರೆ. ರಂಜಾನಿನಲ್ಲಾದರೆ ಊರೇ ಹಸಿದಿರುತ್ತದೆ, ಜೊತೆ ಇರುತ್ತದೆ. ಇದು ಒಂಟಿ ರೋಜಾ. ಪರೀಕ್ಷೆಯ ದಿನಗಳಲ್ಲಿ ಸಾಲೆಯ ಇನ್ನೊಬ್ಬ ಟೀಚರಬಾಯಿ ಚಹಾ ಹಿಡಿದು ಬಂದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಮುಟ್ಟಿನ ದಿನಗಳಷ್ಟೇ ಬಿಡುವು. ಅವು ಮುಗಿದ ಮರುದಿನವೇ ಮತ್ತೆ ಎಣಿಕೆ. ತುಟಿ ಒಡೆದವು. ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟರೆ ಊರು ದಾಟಿದ್ದೂ ತಿಳಿಯುತ್ತಿರಲಿಲ್ಲ, ಕಂಡಕ್ಟರೇ ಎಬ್ಬಿಸುತ್ತಿದ್ದ.

ಮೊದಲ ದಿನ ಸಹರಿಗೆ ನಾನೇ ಎದ್ದೆ. ಎರಡನೇ ದಿನ ಎಚ್ಚರವಾಗುವಷ್ಟರಲ್ಲಿ ಅಡುಗೆಮನೆಯಲ್ಲಿ ಸದ್ದು. ಹೋಗಿ ನೋಡಿದರೆ ಅಬ್ಬ ಸ್ಟೋವಿಗೆ ಗಾಳಿ ಹಾಕುತ್ತಿದ್ದ. ಅಮ್ಮ ಇದ್ದಾಗ ಒಂದು ದಿನ ಚಹಾ ಕಾಸಿದವನಲ್ಲ. ರಾತ್ರಿಯ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದಿಟ್ಟು, ಶೇಂಗಾ ಚಟ್ನಿ ಹಾಕಿ, ಚಹಾಕ್ಕೆ ಸಕ್ಕರೆ ಸುರಿದು ಪಾಕ ಮಾಡಿಟ್ಟಿದ್ದ.

"ನೀ ಯಾಕ ಎದ್ದಿ? ಮಲಕೋ ಹೋಗು" ಅಂದೆ.

"ನಿನ್ನ ಸಲುವಾಗಿ ಎದ್ದಿಲ್ಲ" ಎಂದ. "ನಂದು ಗುಳಿಗಿ ಹೊತ್ತು ಇದು. ಡಾಕ್ಟರಗ ಕೇಳೇನಿ."

ನಿಜವಾಗಿಯೂ ಕೇಳಿದ್ದ. ಬಕ್ರೀದ್ ಆದ ಮರುವಾರ ನನಗೆ ಹೇಳದೆ ಒಬ್ಬನೇ ಬಸ್ಸು ಹತ್ತಿ ವಿಜಾಪುರಕ್ಕೆ ಹೋಗಿ, ಸರದಿಯಲ್ಲಿ ಕೂತು, ಬೆಳಗಿನ ಗುಳಿಗೆಯನ್ನು ನಸುಕಿನಲ್ಲಿ ನುಂಗಿದರೆ ನಡೆಯುತ್ತದೆಯೇ ಎಂಬ ಒಂದೇ ಮಾತು ಕೇಳಿಕೊಂಡು ಬಂದಿದ್ದ. ದಿನಾ ಅದೇ ಹೊತ್ತಿಗಾದರೆ ನಡೆಯುತ್ತದೆ ಎಂದಿದ್ದರಂತೆ. ಕೇಳದೆ ಮಾಡಿದ್ದಕ್ಕೆ ಅವನು ಕಟ್ಟಿದ ದಂಡ ಅದು. ಅಂದಿನಿಂದ ಆ ಬೇಸಿಗೆಯ ಒಂದೊಂದು ನಸುಕಿನಲ್ಲೂ ನಾನು ಉಣ್ಣುತ್ತಿದ್ದೆ, ಅವನು ಎದುರಿಗೆ ಕೂತು ಗುಳಿಗೆ ನುಂಗುತ್ತಿದ್ದ. ಹೊಸ ಗುಳಿಗೆಗೆ ತಲೆನೋವು ಮರಳಿ ಬಂದಿತ್ತು. ಒಲೆ ಒರೆಸಲು ಕೊಟ್ಟಿದ್ದ ಪಟ್ಟಿಯನ್ನು ಒಗೆದು ಮತ್ತೆ ಹಣೆಗೆ ಬಿಗಿದುಕೊಂಡಿದ್ದ. ಈಗ ಬೈಯುತ್ತಿರಲಿಲ್ಲ. "ನೋಯ್ಲಾಕತ್ತೈತಿ ನೋಡವಾ" ಎಂದು ಹೇಳುವಾಗ ದನಿಯಲ್ಲಿ ಸಮಾಧಾನವಿರುತ್ತಿತ್ತು. ನನಗೂ ಅದನ್ನು ಕೇಳಿದ ಮೇಲೆಯೇ ಜೀವ ತಂಪಾಗುತ್ತಿತ್ತು.

ಅಬ್ಬ ಆಮೇಲೆ ಎಷ್ಟೋ ವರ್ಷ ಬದುಕಿದ. ರೋಜಾ ಮಾತ್ರ ಮತ್ತೆ ಹಿಡಿಯಲಿಲ್ಲ. ರಂಜಾನಿನಲ್ಲಿ ದಿನಾ ಒಬ್ಬ ಬಡವನಿಗೆ ಉಣಿಸಿ, ತಾನು ಮಾತ್ರ ಬಾಗಿಲು ಮುಂದೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ ಕೂತು ಎರಡು ತುತ್ತು ಉಣ್ಣುತ್ತಿದ್ದ. ಹಾಗೆ ಉಣ್ಣುವುದು ಅವನಿಗೆ ಕಮಾನು ಹೊಡೆಯುವುದಕ್ಕಿಂತ ಕಷ್ಟವಾಗಿತ್ತು ಎಂದು ನನಗೆ ಗೊತ್ತು.

ಆ ಎರಡು ತಿಂಗಳ ಕೊನೆಯ ನಸುಕು ನೆನಪಿದೆ. ನನಗೆ ತುತ್ತು ಇಳಿಯುತ್ತಿರಲಿಲ್ಲ, ಅಷ್ಟು ದಣಿದಿದ್ದೆ. ಗಂಗಾಳದ ಮುಂದೆ ಕೂತೇ ತೂಕಡಿಸುತ್ತಿದ್ದೆ. ಅಬ್ಬ ರೊಟ್ಟಿ ಮುರಿದು ನನ್ನ ಬಾಯಿಯ ಹತ್ತಿರ ಹಿಡಿದ. ಇನ್ನೊಂದು ಕೈಯಲ್ಲಿ ಅವನ ಗುಳಿಗೆಯಿತ್ತು. ಅದನ್ನೇ ನೋಡುತ್ತ ಅಂದ, "ಹಗಲ ನಿಂದು ರೋಜಾ, ರಾತ್ರಿ ಇದರದು ರೋಜಾ. ಎರಡೂ ಹೊತ್ತು ಉಂಡು ಕುಂಡ್ರಾಂವ ನಾ ಒಬ್ಬನ ನೋಡು ಈ ಮನ್ಯಾಗ."

ನಗಬೇಕೆಂದಿದ್ದೆ, ಅಳು ಬಂತು. "ಉಣ್ಣು ಅಬ್ಬಾ" ಅಂದೆ. "ನೀ ಉಣ್ಣಲೆಂತನ ನಾವಿಬ್ಬರೂ ಹಿಡದೀವಿ."

ಅವನು ಗುಳಿಗೆ ಬಾಯಿಗೆ ಹಾಕಿಕೊಂಡು, ನನ್ನ ತಂಬಿಗೆಯ ನೀರನ್ನೇ ಎತ್ತಿ ಕುಡಿದ.